ಸೆಕೆಂಡ್ ಹ್ಯಾಂಡ್ ಗ್ಲೈಡರ್ ಕೊಳ್ಳುವವರೇ, ಇಎಸ್‌ಸಿ ಮೇಲಿನ ಸ್ಟಿಕ್ಕರ್ ನಂಬಬೇಡಿ

ಬಳಸಿದ ಮೋಲ್ಡೆಡ್ ಗ್ಲೈಡರ್ (ಅಚ್ಚಿನಲ್ಲಿ ತಯಾರಿಸಿದ, ರಿಮೋಟಿನಿಂದ ಹಾರಿಸುವ ಮಾದರಿ ವಿಮಾನ) ಒಂದರ ಫೋಟೋ ನೋಡಿ, ಇನ್ನೇನು ಅಡ್ವಾನ್ಸ್ ಕಳಿಸಿಬಿಡೋಣ ಅಂತ ಕೂತಿದ್ದೀರಾ? ಅದಕ್ಕೂ ಮುಂಚೆ ಒಂದು ಕೆಲಸ ಮಾಡಿ. ಅದರ ಮೂಗಿನೊಳಗೆ ಇಎಸ್‌ಸಿ, ಅಂದರೆ ಮೋಟಾರಿನ ವೇಗ ನಿಯಂತ್ರಿಸುವ ಬೋರ್ಡು, ಇರುತ್ತದೆ. ಅದರ ಹೀಟ್‌ಶ್ರಿಂಕ್ (ಬಿಸಿ ಮಾಡಿದರೆ ಬಿಗಿಯುವ ಪ್ಲಾಸ್ಟಿಕ್ ಹೊದಿಕೆ) ಬಿಚ್ಚಿ, ಬೋರ್ಡಿನ ಎರಡೂ ಬದಿಯ ಫೋಟೋ ಕಳಿಸಿ ಅಂತ ಕೇಳಿ. ಹೊಸ ಹೀಟ್‌ಶ್ರಿಂಕ್ ಹಾಕುವ ಖರ್ಚು ಇಪ್ಪತ್ತು ರೂಪಾಯಿಯೂ ಆಗುವುದಿಲ್ಲ. ಅದಕ್ಕೂ ಒಪ್ಪದಿದ್ದರೆ ವ್ಯವಹಾರ ಅಲ್ಲಿಗೇ ಬಿಡಿ. ನನಗೆ ಈ ಬುದ್ಧಿ ಹೇಳುವವರು ಸಿಕ್ಕಿದ್ದು ವಿಮಾನ ನೆಲಕ್ಕೆ ಬಿದ್ದ ಮೇಲೆ.

ನಮ್ಮಲ್ಲಿ ಒಳ್ಳೆಯ ಗ್ಲೈಡರ್ ಸಿಗುವುದೇ ಕಷ್ಟ. 2022ರ ಫೆಬ್ರವರಿಯಲ್ಲಿ ಡ್ರೋನ್ ಆಮದಿಗೆ ನಿಷೇಧ ಬಂದಮೇಲೆ, ರೆಕ್ಕೆ ಇರುವ ಏನನ್ನಾದರೂ ಹೊರದೇಶದಿಂದ ತರಿಸಲು ಜನ ಹಿಂದೆಮುಂದೆ ನೋಡುತ್ತಾರೆ. ಕಸ್ಟಮ್ಸ್‌ನಲ್ಲಿ ಯಾವ ಪಾರ್ಸೆಲ್ ಹೇಗೆ ಸಿಕ್ಕಿಕೊಳ್ಳುತ್ತದೋ ಅನ್ನುವ ಭಯ. ಹಾಗಾಗಿ ಇಲ್ಲೇ ಇರುವ ಹಳೆಯ ಮಾಲು ಕೈಯಿಂದ ಕೈಗೆ ಓಡಾಡುತ್ತಿರುತ್ತದೆ. ಮಾರುವವರು ಹೇಳಿದ್ದೇ ರೇಟು, ಹೇಳಿದ್ದೇ ಕಥೆ.

ನಾನು ಕೊಂಡಿದ್ದು ಮೂರು ಮೀಟರ್ ರೆಕ್ಕೆಯ ಎಲೆಕ್ಟ್ರಿಕ್ ಗ್ಲೈಡರ್. ತೂಕ ಸುಮಾರು ಒಂದೂಮುಕ್ಕಾಲು ಕೆಜಿ, ಕಾರ್ಬನ್ ಸ್ಪಾರ್ (ರೆಕ್ಕೆಯೊಳಗಿನ ತೊಲೆ), ಆರು ಸರ್ವೋ (ಫಲಕಗಳನ್ನು ಆಡಿಸುವ ಪುಟ್ಟ ಮೋಟಾರು): ರೆಕ್ಕೆಯ ತುದಿ ಕಡೆಯ ಏಲೆರಾನ್‌ಗೆ ಎರಡು, ಒಳಬದಿಯ ಫ್ಲ್ಯಾಪ್‌ಗೆ ಎರಡು, ಬಾಲದ ರಡ್ಡರ್, ಎಲಿವೇಟರ್‌ಗೆ ಒಂದೊಂದು. ಬೆಲೆ ₹38,000. ಮಾರಿದವರು ಬೇರೆ ರಾಜ್ಯದವರು, ಫೋನಿನಲ್ಲಿ ಮಾತು ಬೆಣ್ಣೆ. "ಸರ್, ನನ್ನ ಮಗು ಥರ ನೋಡ್ಕೊಂಡಿದೀನಿ. ಇಎಸ್‌ಸಿ ಹೊಸದು ಹಾಕಿದೀನಿ, ಐದು ಆಂಪ್ ಸ್ವಿಚಿಂಗ್ ಬಿಇಸಿ, ಬ್ಯಾಟರಿ ಸಿಕ್ಕಿಸಿ ಹಾರಿಸ್ತಾ ಇರಿ" ಅಂದರು. ಬಿಇಸಿ ಅಂದರೆ ಇಎಸ್‌ಸಿಯೊಳಗೇ ಇದ್ದು, ಬ್ಯಾಟರಿಯ ವೋಲ್ಟೇಜ್ ಇಳಿಸಿ ರಿಸೀವರ್‌ಗೂ (ನಮ್ಮ ಸಿಗ್ನಲ್ ಹಿಡಿಯುವ ಭಾಗ) ಸರ್ವೋಗಳಿಗೂ ಕರೆಂಟ್ ಕೊಡುವ ಭಾಗ. ವೀಡಿಯೋ ಕಾಲ್‌ನಲ್ಲಿ ಮೂಗಿನೊಳಗೆ ಕ್ಯಾಮೆರಾ ಹಿಡಿದು ಸ್ಟಿಕ್ಕರ್ ಕೂಡ ತೋರಿಸಿದರು. ಪಿವಿಸಿ ಪೈಪಿನಲ್ಲಿ ರೆಕ್ಕೆ ತುಂಬಿ ಬಸ್ ಪಾರ್ಸೆಲ್‌ನಲ್ಲಿ ಕಳಿಸಿದರು. ಪ್ಯಾಕಿಂಗ್ ವಿಷಯದಲ್ಲಿ ಮಾತ್ರ ಅವರನ್ನು ಬೈಯುವ ಹಾಗಿಲ್ಲ.

ಮನೆಯಲ್ಲಿ ಜೋಡಿಸಿದಾಗ ಎಲ್ಲ ಸರಿಯಾಗಿತ್ತು. ಸರ್ವೋಗಳು ನುಣ್ಣಗೆ ಓಡಿದವು, ಸಿಗ್ನಲ್ಲಿನ ರೇಂಜ್ ಚೆಕ್ ಪಾಸಾಯಿತು, ಸಿ.ಜಿ. (ವಿಮಾನದ ತೂಕ ಸಮತೋಲವಾಗುವ ಬಿಂದು) ಹೇಳಿದ ಜಾಗದಲ್ಲೇ ಕೂತಿತು. ಸಿ.ಜಿ. ಕೂರಿಸಲು ಮೂಗಿನಲ್ಲಿ ಒಂದು ಹಿಡಿ ಸೀಸ ತುಂಬಿದ್ದರು. "ಈ ಮಾಡೆಲ್‌ಗೆ ಇಷ್ಟು ಬೇಕೇ ಬೇಕು ಸರ್" ಅಂದಿದ್ದರು. ಆ ಸೀಸದ ವಿಷಯಕ್ಕೆ ಆಮೇಲೆ ಬರುತ್ತೇನೆ.

ಬೆಂಗಳೂರಿನ ಉತ್ತರಕ್ಕೆ ದೇವನಹಳ್ಳಿ, ಯಲಹಂಕ, ಜಕ್ಕೂರು ಮೂರೂ ಕಡೆ ವಿಮಾನ ಇಳಿಯುವ ಜಾಗಗಳಿರುವುದರಿಂದ ಆ ದಿಕ್ಕನ್ನು ಮರೆತುಬಿಡಬೇಕು. ಡ್ರೋನ್ ಎಲ್ಲಿ ಹಾರಿಸಬಹುದು ಅಂತ ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಹಸಿರು ಬಣ್ಣದ ಜಾಗ ನೋಡಿಕೊಂಡು, ಹಸಿರು ವಲಯದ 120 ಮೀಟರ್ ಮಿತಿಯೊಳಗೇ ನಾವು ಹಾರಿಸುವುದು. ತುಮಕೂರು ಕಡೆ ರಾಗಿ ಕೊಯ್ದ ಮೇಲೆ ಖಾಲಿ ಬಿದ್ದಿರುವ ಹೊಲ ಒಂದಿದೆ. ಯಜಮಾನರು ಒಳ್ಳೆಯವರು. ಬಿಸಿಲೇರಿದಂತೆ ಆ ಹೊಲದ ಅಂಚಿನಿಂದ ಥರ್ಮಲ್, ಅಂದರೆ ಮೇಲೇರುವ ಬಿಸಿಗಾಳಿ, ಏಳುತ್ತದೆ. ಹದ್ದುಗಳು ರೆಕ್ಕೆ ಬಡಿಯದೆ ಸುತ್ತತೊಡಗಿದರೆ ನಮಗೆ ಅದೇ ಸಿಗ್ನಲ್ಲು.

ಅವತ್ತು ಮೋಟಾರ್ ಹಾಕಿ ಮೇಲೆ ಒಯ್ದು, ಆಫ್ ಮಾಡಿ, ಹದ್ದುಗಳ ಕೆಳಗೆ ಸುತ್ತಲು ಬಿಟ್ಟೆ. ನಿಜ ಹೇಳಬೇಕು, ಹಾರಾಟ ಅದ್ಭುತವಾಗಿತ್ತು. ಆದರೆ ಥರ್ಮಲ್ ಜೋರಾಗಿ ಎತ್ತಿಕೊಂಡು ಹೋಗತೊಡಗಿತು. ಎತ್ತರ ನೂರು ಮೀಟರ್ ದಾಟಿದ್ದು ನೋಡಿ, ಇಳಿಸಲು ಕ್ರೋ ಬ್ರೇಕ್ ಹಾಕಿದೆ. ಗೊತ್ತಿಲ್ಲದವರಿಗೆ: ಕ್ರೋ ಅಂದರೆ ಎರಡೂ ಫ್ಲ್ಯಾಪ್ ಪೂರ್ತಿ ಕೆಳಗೆ, ಎರಡೂ ಏಲೆರಾನ್ ಮೇಲಕ್ಕೆ, ಜೊತೆಗೆ ಮೂಗು ಎದ್ದುಬಿಡದಂತೆ ಎಲಿವೇಟರ್ ಸ್ವಲ್ಪ ಕೆಳಗೆ. ಐದು ಸರ್ವೋಗಳು ಒಟ್ಟಿಗೆ ಗಾಳಿಯ ವಿರುದ್ಧ ತಳ್ಳುತ್ತಿರುತ್ತವೆ.

ಮೂರು ನಾಲ್ಕು ಸೆಕೆಂಡ್ ಚೆನ್ನಾಗಿ ಇಳಿಯಿತು. ಆಮೇಲೆ ಸ್ಟಿಕ್ ಏನು ಮಾಡಿದರೂ ಉತ್ತರವಿಲ್ಲ. ಕೈಯಲ್ಲಿದ್ದ ಟ್ರಾನ್ಸ್‌ಮಿಟರ್ "ಟೆಲಿಮೆಟ್ರಿ ಲಾಸ್ಟ್" (ವಿಮಾನದಿಂದ ಬರುವ ಮಾಹಿತಿ ನಿಂತಿದೆ) ಅಂತ ಕೂಗಿತು. ಗ್ಲೈಡರ್ ಮೂಗು ಕೆಳಗೆ ಮಾಡಿ ಡೈವ್‌ಗೆ ಬಿತ್ತು. ಒಂದೆರಡು ಉಸಿರಿನಷ್ಟು ಹೊತ್ತು, ಮತ್ತೆ ಕಂಟ್ರೋಲ್ ಬಂತು. ಫ್ಲ್ಯಾಪ್ ಎಳೆದುಕೊಂಡು ನಿಧಾನಕ್ಕೆ ಮೂಗು ಎತ್ತುತ್ತಿದ್ದೇನೆ, ಅಷ್ಟರಲ್ಲಿ ಎರಡನೇ ಸಲ ಸತ್ತಿತು. ಈ ಸಲ ವಾಪಸ್ ಬರಲಿಲ್ಲ. ಬದುವಿನ ಕಲ್ಲಿಗೆ ಮೂಗು ಮುಂದಾಗಿ ಬಡಿಯಿತು. ಬದುವಿನ ಆಚೆ ಕುರಿಗಳು ಮೇಯುತ್ತಿದ್ದವು, ಕಾಯುವ ಹುಡುಗ ಮರದ ಕೆಳಗಿದ್ದ. ಯಾರಿಗೂ ಏನೂ ಆಗಲಿಲ್ಲ. ಆಗಬಹುದಿತ್ತು ಅನ್ನುವುದಕ್ಕೇ ಈ ಬರಹ ಬರೆಯುತ್ತಿರುವುದು, ಮೂವತ್ತೆಂಟು ಸಾವಿರಕ್ಕಲ್ಲ. ಹೊಲದ ಯಜಮಾನರು ಚೂರುಗಳನ್ನು ಆಯ್ದು ಕೈಗೆ ಕೊಡುತ್ತಾ "ಏನ್ ಸ್ವಾಮಿ, ಕರೆಂಟ್ ಹೋಯ್ತಾ?" ಅಂತ ಕೇಳಿದರು. ಆಮೇಲೆ ನೋಡಿದರೆ ಅವರ ಮಾತೇ ಸರಿ.

ಸಂಜೆ ಟೇಬಲ್ ಮೇಲೆ ಹರಡಿಕೊಂಡು ಕೂತೆ. ಇಎಸ್‌ಸಿಯ ಕಪ್ಪು ಹೀಟ್‌ಶ್ರಿಂಕ್‌ಗೆ ಬ್ಲೇಡ್ ಹಾಕಿ ಸೀಳಿದರೆ ಒಳಗೆ ಇನ್ನೊಂದು ಹೀಟ್‌ಶ್ರಿಂಕ್! ಹೊರಗಿನದು ಹೊಳೆಯುವ ಹೊಸದು, ಅದರ ಮೇಲೆ "ಸ್ವಿಚಿಂಗ್ ಬಿಇಸಿ 5 ಆಂಪ್" ಅನ್ನುವ ಸ್ಟಿಕ್ಕರ್. ಒಳಗಿನದು ಹಳೆಯದು, ಒಂದು ಮೂಲೆಯಲ್ಲಿ ಕಂದು ಬಣ್ಣಕ್ಕೆ ತಿರುಗಿ ಸುಕ್ಕುಗಟ್ಟಿತ್ತು. ಅದರ ಮೇಲೆ ಕಂಪನಿಯೇ ಅಚ್ಚು ಹಾಕಿದ ಅಕ್ಷರ: ಲೀನಿಯರ್ ಬಿಇಸಿ, 5 ವೋಲ್ಟ್, 2 ಆಂಪ್. ಅದನ್ನೂ ಬಿಚ್ಚಿದೆ. ಬೋರ್ಡಿನ ಮೇಲೆ ಚಪ್ಪಟೆಯಾದ ರೆಗ್ಯುಲೇಟರ್ ಚಿಪ್‌ಗಳು ಸಾಲಾಗಿ ಕೂತಿದ್ದವು, ಕಾಯಿಲ್ ಎಲ್ಲೂ ಇಲ್ಲ. ಸ್ವಿಚಿಂಗ್ ಬಿಇಸಿ ಆಗಿದ್ದರೆ ಒಂದು ಕಾಯಿಲ್, ಅಂದರೆ ತಂತಿ ಸುತ್ತಿದ ಉಂಗುರವೋ ಬೂದು ಬಣ್ಣದ ಚೌಕಾಕಾರದ ತುಂಡೋ, ಇರಲೇಬೇಕು. ನೀವು ಫೋಟೋದಲ್ಲಿ ಹುಡುಕಬೇಕಾದದ್ದು ಅದನ್ನೇ.

ಇಷ್ಟು ದೊಡ್ಡ ಗಲಾಟೆ ಯಾಕೆ ಅಂದರೆ, ಲೀನಿಯರ್ ಬಿಇಸಿ ಹೆಚ್ಚಾದ ವೋಲ್ಟೇಜನ್ನು ಬರೀ ಶಾಖ ಮಾಡಿ ಕಳೆಯುತ್ತದೆ. ಪೂರ್ತಿ ಚಾರ್ಜ್ ಆದ 3ಎಸ್ ಲಿಪೊ (ಮೂರು ಸೆಲ್‌ನ ಲಿಥಿಯಂ ಪಾಲಿಮರ್ ಬ್ಯಾಟರಿ) 12.6 ವೋಲ್ಟ್. ರಿಸೀವರ್‌ಗೆ ಬೇಕಾಗಿದ್ದು 5. ಉಳಿದ 7.6 ವೋಲ್ಟ್, 2 ಆಂಪ್ ಹರಿದಾಗ 15 ವ್ಯಾಟ್‌ಗಿಂತ ಹೆಚ್ಚು ಶಾಖ. ನಮ್ಮ ಬೆಸುಗೆ ಕಡ್ಡಿ 25 ವ್ಯಾಟ್‌ನದು ಅನ್ನುವುದನ್ನು ನೆನಪಿಸಿಕೊಳ್ಳಿ. ಗಾಳಿಯಾಡದ ಆ ಸಣ್ಣ ಮೂಗಿನೊಳಗೆ, ಆಗಷ್ಟೇ ಮೋಟಾರ್ ಓಡಿಸಿ ಬಿಸಿಯಾದ ಅದೇ ಬೋರ್ಡಿನ ಮೇಲೆ, ಬಿಸಿಲಿನಲ್ಲಿ. ಒಂದು ಹಂತ ದಾಟಿದರೆ ರೆಗ್ಯುಲೇಟರ್ ತನ್ನನ್ನು ತಾನು ಉಳಿಸಿಕೊಳ್ಳಲು ಕೈಬಿಟ್ಟುಬಿಡುತ್ತದೆ. ವೋಲ್ಟೇಜ್ ಕುಸಿಯುತ್ತದೆ, ರಿಸೀವರ್ ಆಫ್ ಆಗುತ್ತದೆ. ಲೋಡ್ ಹೋದ ತಕ್ಷಣ ಚೂರು ತಣ್ಣಗಾಗಿ ಮತ್ತೆ ಏಳುತ್ತದೆ. ಗ್ಲೈಡರ್ ಒಮ್ಮೆ ಬದುಕಿ ಮತ್ತೆ ಸತ್ತಿದ್ದಕ್ಕೆ ಕಾರಣ ಇದು. ಮನೆಯಲ್ಲಿ ಚೆಕ್ ಮಾಡಿದಾಗ ಇದು ಯಾಕೆ ಕಾಣಲಿಲ್ಲ? ಗಾಳಿಯ ಒತ್ತಡವಿಲ್ಲದೆ ಆಡುವ ಸರ್ವೋ ಹೆಚ್ಚು ಕರೆಂಟ್ ಎಳೆಯುವುದಿಲ್ಲ, ಅಷ್ಟೆ. ಬಿದ್ದಮೇಲೂ ಕೆಡದೆ ಉಳಿದ ನಾಲ್ಕು ಸರ್ವೋಗಳನ್ನೇ ಆ ಬೋರ್ಡಿಗೆ ಸಿಕ್ಕಿಸಿ, ತೋಳುಗಳನ್ನು ಕೈಯಲ್ಲಿ ಒತ್ತಿ ಹಿಡಿದು ಆಡಿಸಿದೆ. ಮಲ್ಟಿಮೀಟರಿನ ಮುಳ್ಳು ಕಣ್ಣೆದುರೇ ಇಳಿಯಿತು.

ಇನ್ನು ಸೀಸ. ಬಾಲದ ಹತ್ತಿರ ಒಂದು ಉದ್ದನೆಯ ಡಿಸೈನ್ ಸ್ಟಿಕ್ಕರ್ ಇತ್ತು, ಕಿತ್ತರೆ ಕೆಳಗೆ ಹಳೆಯ ಮುರಿತ. ಕಾರ್ಬನ್ ಬಟ್ಟೆ ಸುತ್ತಿ ಧಾರಾಳವಾಗಿ ಎಪಾಕ್ಸಿ ಅಂಟು ಸುರಿದು ಮುಚ್ಚಿದ್ದರು. ಗ್ಲೈಡರ್‌ನ ಬಾಲ ಉದ್ದ, ಮೂಗು ಮೋಟು. ಬಾಲದ ತುದಿಯಲ್ಲಿ 10 ಗ್ರಾಂ ಹೆಚ್ಚಾದರೆ ಅದನ್ನು ತೂಗಿಸಲು ಮೂಗಿಗೆ ಮೂವತ್ತು ನಲವತ್ತು ಗ್ರಾಂ ತುಂಬಬೇಕಾಗುತ್ತದೆ. ಹಾಗಾಗಿ ಮೂಗಿನಲ್ಲಿ ಅತಿಯಾಗಿ ಸೀಸ ಕಂಡರೆ ಮೊದಲು ಬಾಲ ನೋಡಿ. ರೆಕ್ಕೆಯನ್ನು ಕತ್ತಲಲ್ಲಿ ಟಾರ್ಚ್ ಮುಂದೆ ಹಿಡಿದು ನೋಡುವುದು, ನಾಣ್ಯದಿಂದ ಮೆಲ್ಲಗೆ ಬಡಿದು ಎಲ್ಲಿ ಸದ್ದು ಸಪ್ಪೆಯಾಗುತ್ತದೆ ಕೇಳುವುದು, ಇವೆಲ್ಲ ಗೊತ್ತಿರುವ ವಿಷಯವೇ. ಬಾಲ ಮಾತ್ರ ಯಾರೂ ನೋಡುವುದಿಲ್ಲ.

ಮಾರಿದವರಿಗೆ ಫೋಟೋಗಳನ್ನೆಲ್ಲ ಕಳಿಸಿದೆ. "ನಿಮಗೆ ಹಾರಿಸೋಕೆ ಬರಲ್ಲ, ನನ್ನ ಮೇಲೆ ಹಾಕ್ಬೇಡಿ" ಅಂತ ಒಂದು ವಾಯ್ಸ್ ಮೆಸೇಜ್ ಬಂತು. ಆಮೇಲೆ ಬ್ಲಾಕ್. ಒಳ್ಳೆಯ ಇಎಸ್‌ಸಿಯನ್ನು ತಮ್ಮ ಬೇರೆ ವಿಮಾನಕ್ಕೆ ಕಿತ್ತುಕೊಂಡು, ಡಬ್ಬದಲ್ಲಿ ಬಿದ್ದಿದ್ದ ಹಳೆಯದಕ್ಕೆ ವೇಷ ಹಾಕಿ ಕೂರಿಸಿದ್ದಾರೆ ಅಂತ ನನ್ನ ಊಹೆ.

ಇದಕ್ಕಿಂತ ನನಗೆ ಹೆಚ್ಚು ಬೇಸರ ತಂದದ್ದು ಸಲಹೆಗಳ ಮಳೆ. ಬಿದ್ದ ವೀಡಿಯೋ ಹಾಕಿ ಕಾರಣ ಏನಿರಬಹುದು ಅಂತ ಕೇಳಿದ್ದೆ. "ಸಿ.ಜಿ. ಹಿಂದಿದೆ." "ಥಂಬ್ ಎರರ್ ಗುರು, ಹಾರಿಸೋರದ್ದೇ ತಪ್ಪು." "ಆ ಬ್ರ್ಯಾಂಡ್ ರೇಡಿಯೋ ಬಿಸಾಕಿ." ಒಬ್ಬರಂತೂ "ನನ್ನ ಗ್ಲೈಡರಿನಲ್ಲಿ ವರ್ಷಗಟ್ಟಲೆಯಿಂದ ಲೀನಿಯರ್ ಬಿಇಸಿನೇ ಇರೋದು, ಏನೂ ಆಗಿಲ್ಲ" ಅಂತ ವಾದಕ್ಕೇ ನಿಂತರು. ಅವರದು ಎರಡು ಸರ್ವೋದ ಫೋಮ್ ಗ್ಲೈಡರ್ ಅಂತ ಆಮೇಲೆ ಗೊತ್ತಾಯಿತು. ಅದಕ್ಕೆ 2 ಆಂಪ್ ಧಾರಾಳ ಸಾಕು. ಅವರು ಹೇಳಿದ್ದು ಸುಳ್ಳಲ್ಲ, ನನ್ನ ವಿಮಾನಕ್ಕೆ ಸಂಬಂಧಪಟ್ಟಿದ್ದೂ ಅಲ್ಲ. ಎಷ್ಟು ಸರ್ವೋ, ಯಾವ ಬ್ಯಾಟರಿ, ಎಷ್ಟು ತೂಕ ಅಂತ ಕೇಳದೆ ಬರುವ ಸಲಹೆಯನ್ನು ಓದಿ ಮುಂದೆ ಹೋಗುತ್ತಿರಿ.

ಕೇಳಬೇಕಾದ್ದನ್ನು ಕೇಳಿದವರು ಒಬ್ಬರೇ. ನಿವೃತ್ತರು, ಮಾತು ಕಮ್ಮಿ. "ರಿಸೀವರ್ ವೋಲ್ಟೇಜ್ ಲಾಗ್ ಇದೆಯೇನಪ್ಪಾ?" ಅಂದರು. ನನ್ನ ರೇಡಿಯೋದಲ್ಲಿ ಎಡ್ಜ್‌ಟಿಎಕ್ಸ್ ಅನ್ನುವ ಸಾಫ್ಟ್‌ವೇರ್ ಇದೆ, ಟೆಲಿಮೆಟ್ರಿಯನ್ನು ಎಸ್‌ಡಿ ಕಾರ್ಡಿಗೆ ಬರೆಯುವ ಲಾಗ್ ಆನ್ ಇತ್ತು. ತೆಗೆದು ನೋಡಿದರೆ, ಮೋಟಾರ್ ಓಡಿದಷ್ಟು ಹೊತ್ತೂ 5 ವೋಲ್ಟ್ ಆಸುಪಾಸು, ಕ್ರೋ ಹಾಕಿದಲ್ಲಿಂದ 4ರ ಕಡೆಗೆ ಜಾರುವ ಗೆರೆ, ಆಮೇಲೆ ಖಾಲಿ. ಊರಲ್ಲಿ ಪಂಪ್‌ಸೆಟ್ ಸ್ಟಾರ್ಟ್ ಆದ ಕೂಡಲೆ ಮನೆಯ ಬಲ್ಬ್ ಮಂಕಾಗುವ ಹಾಗೆ. ಇಎಸ್‌ಸಿ ಬಿಚ್ಚಿ ನೋಡು ಅಂತ ಹೇಳಿದವರೂ ಅವರೇ.

ಎರಡು ಸಲಹೆಗಳು ಮಾತ್ರ ಅಪಾಯಕಾರಿ, ಅವನ್ನು ಇಲ್ಲಿ ಹೇಳಲೇಬೇಕು. ಒಂದು, "ಬಿಇಸಿ ಸಹವಾಸವೇ ಬೇಡ, ರಿಸೀವರ್‌ಗೆ ನೇರ 2ಎಸ್ ಲಿಪೊ ಕೊಡಿ." ಪೂರ್ತಿ ಚಾರ್ಜಿನ 2ಎಸ್ ಲಿಪೊ 8.4 ವೋಲ್ಟ್. ಹಳೆಯ ಗ್ಲೈಡರ್‌ಗಳ ರೆಕ್ಕೆಯಲ್ಲಿ ಅಂಟು ಹಾಕಿ ಕೂರಿಸಿರುವ ಎಷ್ಟೋ ಸರ್ವೋಗಳು 6 ವೋಲ್ಟ್‌ನವು. ಎಚ್‌ವಿ (ಹೆಚ್ಚು ವೋಲ್ಟೇಜ್ ತಡೆಯುವಂಥವು) ಅಂತ ಖಾತ್ರಿ ಇಲ್ಲದೆ ಕೊಟ್ಟರೆ ಸುಟ್ಟುಹೋಗುತ್ತವೆ, ಅದೂ ರೆಕ್ಕೆಯೊಳಗೆ. ಒಳ್ಳೆಯ ಸ್ವಿಚಿಂಗ್ ಬಿಇಸಿಯನ್ನು ಪ್ರತ್ಯೇಕವಾಗಿ ಹಾಕಿ, ಸರ್ವೋಗೆ ಹೊಂದುವ ವೋಲ್ಟೇಜಿಗೆ ಸೆಟ್ ಮಾಡಿ.

ಇನ್ನೊಂದು, ಮಾರಿದವರೇ ಕೊಟ್ಟಿದ್ದು: "ಫೇಲ್‌ಸೇಫ್ ಹೋಲ್ಡ್‌ನಲ್ಲೇ ಇರಲಿ ಸರ್, ಗ್ಲೈಡರ್ ಅಲ್ವಾ, ತಾನೇ ತೇಲ್ಕೊಂಡು ಇಳಿಯುತ್ತೆ." ಫೇಲ್‌ಸೇಫ್ ಅಂದರೆ ಸಿಗ್ನಲ್ ಹೋದಾಗ ರಿಸೀವರ್ ತಾನೇ ಏನು ಮಾಡಬೇಕು ಅನ್ನುವ ಸೆಟ್ಟಿಂಗ್. ಹೋಲ್ಡ್ ಅಂದರೆ ಸಿಗ್ನಲ್ ಹೋದ ಕ್ಷಣದಲ್ಲಿ ಏನಿತ್ತೋ ಅದೇ ಮುಂದುವರಿಯುವುದು. ಮೋಟಾರ್ ಓಡುತ್ತಿದ್ದಾಗ ಸಿಗ್ನಲ್ ಹೋದರೆ ಮೋಟಾರ್ ಓಡುತ್ತಲೇ ಇರುತ್ತದೆ. ನಾನು ಆ ಮಾತು ಕೇಳದೆ ಮೋಟಾರ್ ಆಫ್, ಕ್ರೋ ಬ್ರೇಕ್ ಆನ್ ಅಂತಲೇ ಇಟ್ಟಿದ್ದೆ. ನೀವೂ ಹಾಗೇ ಇಡಿ. ಪ್ರೊಪೆಲ್ಲರ್ ಬಿಚ್ಚಿ, ಟ್ರಾನ್ಸ್‌ಮಿಟರ್ ಆಫ್ ಮಾಡಿ ಪರೀಕ್ಷಿಸಿ. ಆದರೆ ಫೇಲ್‌ಸೇಫ್ ಕೆಲಸ ಮಾಡುವುದು ಸಿಗ್ನಲ್ ಹೋದಾಗ ಮಾತ್ರ. ರಿಸೀವರ್‌ಗೇ ಕರೆಂಟ್ ಇಲ್ಲದಿದ್ದರೆ ಸರ್ವೋಗಳಿಗೆ ಆಜ್ಞೆ ಕೊಡುವವರು ಯಾರು? ನನ್ನ ಸೆಟ್ಟಿಂಗ್ ಸರಿಯಿದ್ದೂ ಅವತ್ತು ಉಪಯೋಗಕ್ಕೆ ಬರಲಿಲ್ಲ.

ಹಳೆಯ ಗ್ಲೈಡರ್ ಯಾರಿಂದಲೇ ಬಂದಿರಲಿ, ಮೊದಲ ಹಾರಾಟಕ್ಕೆ ಮುಂಚೆ ಪ್ರೊಪೆಲ್ಲರ್ ತೆಗೆದು ಹೀಗೆ ಮಾಡಿ. ಫ್ಲ್ಯಾಪ್‌ಗಳನ್ನು ಸ್ನೇಹಿತರೊಬ್ಬರು ಅಂಗೈಯಲ್ಲಿ ಮೆಲ್ಲಗೆ ತಡೆದು ಹಿಡಿಯಲಿ, ನೀವು ಕ್ರೋ ಹಾಕಿ ತೆಗೆದು ಸ್ಟಿಕ್‌ಗಳನ್ನು ಎರಡು ನಿಮಿಷ ಬಿಡದೆ ಆಡಿಸಿ, ಕಣ್ಣು ರಿಸೀವರ್ ವೋಲ್ಟೇಜ್ ಮೇಲೆ. ಕಾಲು ವೋಲ್ಟ್‌ಗಿಂತ ಹೆಚ್ಚು ಬೀಳುತ್ತಿದ್ದರೆ, ಅಥವಾ ಇಎಸ್‌ಸಿ ಮುಟ್ಟಲಾರದಷ್ಟು ಸುಡುತ್ತಿದ್ದರೆ, ಹಾರಿಸಬೇಡಿ. ಸರ್ವೋ ಗೇರ್ ಪ್ಲಾಸ್ಟಿಕ್ಕಿನದಾದರೆ ಜೋರಾಗಿ ಒತ್ತಬೇಡಿ. ಟೆಲಿಮೆಟ್ರಿಯಲ್ಲಿ ರಿಸೀವರ್ ವೋಲ್ಟೇಜಿಗೆ ಒಂದು ಅಲಾರಂ ಇಟ್ಟುಕೊಳ್ಳಿ, ಪುಕ್ಕಟೆ.

ಮಾರಿದವರ ಹೆಸರು ಇಲ್ಲಿ ಹಾಕುವುದಿಲ್ಲ, ಕಾಮೆಂಟಿನಲ್ಲಿ ಕೇಳಬೇಡಿ. ಆದರೆ ಬೇರೊಬ್ಬ ಗೆಳೆಯರು ಅದೇ ಕೈಯಿಂದ ಬಂದ ಎರಡು ಮೀಟರಿನ ಗ್ಲೈಡರ್ ಒಂದನ್ನು ಈಗಾಗಲೇ ಹಾರಿಸುತ್ತಿದ್ದಾರೆ. ನಿನ್ನೆ ಅವರ ಮನೆಗೆ ಹೋಗಿ ಹೀಟ್‌ಶ್ರಿಂಕ್ ಬಿಚ್ಚಿದೆವು. ಅದರಲ್ಲೂ ಎರಡು ಪದರ.