ಅಪ್ಪನ ಫೋನಿಗೆ ಎಐ ಕಾವಲು: 14 ತಿಂಗಳು ಬಳಸಿದ ಮೇಲೆ

ನಮ್ಮ ಸಿಮ್ ಕಂಪನಿಯ ಈ ಎಐ ಸ್ಪ್ಯಾಮ್ ಪತ್ತೆಯನ್ನು ನಾವಾಗಿ ಕೇಳಿ ಹಾಕಿಸಿಕೊಂಡದ್ದಲ್ಲ. ತಾನಾಗಿಯೇ ಬಂತು. ಆ್ಯಪ್ ಬೇಡ, ದುಡ್ಡೂ ಬೇಡ. ಅನುಮಾನದ ಕರೆ ಬಂದರೆ ರಿಂಗಾಗುವಾಗಲೇ ಪರದೆಯ ಮೇಲೆ ‘ಸಸ್ಪೆಕ್ಟೆಡ್ ಸ್ಪ್ಯಾಮ್’ ಅಂತ ಕಾಣುತ್ತದೆ, ಅಷ್ಟೆ. ಮೊದಲು ಇದೇ ಕೆಲಸಕ್ಕೆ ಒಂದು ಆ್ಯಪಿಗೆ ವರ್ಷವರ್ಷ ದುಡ್ಡು ಕಟ್ಟುತ್ತಿದ್ದೆ. ಅದು ಉಳಿಯಿತು.

ಅಪ್ಪನಿಗೆ 74. ಹೈಸ್ಕೂಲಲ್ಲಿ ಲೆಕ್ಕದ ಮೇಷ್ಟ್ರಾಗಿದ್ದವರು. ಇದು ಬಂದ ವಾರದಲ್ಲೇ ಹಳೇ ಡೈರಿಯೊಂದನ್ನು ಹುಡುಕಿ ತೆಗೆದು, ಸ್ಕೇಲಿಟ್ಟು ನಡುವೆ ಗೆರೆ ಎಳೆದರು. ಎಡಕ್ಕೆ ‘ಕಳ್ಳರು’, ಬಲಕ್ಕೆ ‘ಸಾಚಾ’. ಪ್ರತಿ ಕರೆಗೂ ಒಂದು ಕಡ್ಡಿ. ಐದಾದರೆ ಅಡ್ಡಗೆರೆ. ಮಧ್ಯಾಹ್ನ ಊಟ ಆಗಿ ಎಲೆಅಡಿಕೆ ಹಾಕಿಕೊಳ್ಳುವಾಗ ವರದಿ ಒಪ್ಪಿಸುತ್ತಿದ್ದರು. “ಇವತ್ತು ಆರು ಜನ ಕಳ್ಳರು. ಅದರಲ್ಲಿ ಒಬ್ಬ ನನ್ನ ಪೆನ್ಷನ್ ನೋಡಿ ಐದು ಲಕ್ಷ ಸಾಲ ಕೊಡ್ತಾನಂತೆ!” ಅಮ್ಮ ತೀರಿಕೊಂಡ ಮೇಲೆ ಅವರು ಇಷ್ಟು ಉತ್ಸಾಹದಲ್ಲಿ ಮಾತಾಡಿದ್ದನ್ನು ನಾನು ನೋಡಿರಲಿಲ್ಲ. ಇದಕ್ಕೇ ಐದು ಸ್ಟಾರ್ ಕೊಡಬಹುದಿತ್ತು.

ಸಣ್ಣ ತಲೆನೋವು ಒಂದಿತ್ತು, ಗ್ಯಾಸ್ ಹುಡುಗ. ಈ ಎಐ ನಮ್ಮ ಮಾತನ್ನು ಕದ್ದು ಕೇಳುವುದಿಲ್ಲ. ಒಂದು ನಂಬರಿನಿಂದ ದಿನಕ್ಕೆ ಎಷ್ಟು ಕರೆ ಹೋಗುತ್ತದೆ, ಎಷ್ಟು ಹೊತ್ತು ಮಾತು ನಡೆಯುತ್ತದೆ, ಇಂಥದ್ದನ್ನು ನೋಡಿ ಅಂದಾಜು ಮಾಡುತ್ತದೆ. ಪಾಪ, ಸಿಲಿಂಡರ್ ಹುಡುಗನೂ ಬೆಳಗಿಂದ ಗುರುತಿಲ್ಲದವರಿಗೆ ಒಂದೊಂದು ನಿಮಿಷದ ಕರೆ ಮಾಡುತ್ತಲೇ ಇರುತ್ತಾನೆ. ಕಳ್ಳನ ನಡಿಗೆಯೂ ಅವನ ನಡಿಗೆಯೂ ಒಂದೇ. ಅವನ ಕರೆಗೂ ‘ಸ್ಪ್ಯಾಮ್’ ಅಂತ ಬಂತು, ಅಪ್ಪ ಎತ್ತಲಿಲ್ಲ, ಸಿಲಿಂಡರ್ ವಾಪಸ್ ಹೋಯಿತು, ಎರಡು ದಿನ ಇಂಡಕ್ಷನ್ ಒಲೆಯಲ್ಲೇ ಅಡುಗೆ. ಬೈದುಕೊಂಡು ಸುಮ್ಮನಾದೆ.

ಮಾರ್ಚಿನಲ್ಲಿ ನಡೆದದ್ದು ಮಾತ್ರ ಇನ್ನೂ ಮರೆತಿಲ್ಲ.

ತರಕಾರಿ ತಂದು ಬಾಗಿಲು ತಟ್ಟಿದೆ. ಅಪ್ಪ ಅರ್ಧ ತೆರೆದು ತುಟಿಯ ಮೇಲೆ ಬೆರಳಿಟ್ಟರು. ಟೇಬಲ್ ಮೇಲೆ ಫೋನು, ವಾಟ್ಸಾಪ್ ವಿಡಿಯೋ ಕಾಲ್, ಅದರಲ್ಲಿ ಖಾಕಿ ಹಾಕಿದವನೊಬ್ಬ. ಅಪ್ಪನ ಆಧಾರ್ ಕೊಟ್ಟು ಮುಂಬೈಯಲ್ಲಿ ಯಾರೋ ಸಿಮ್ ತೆಗೆದುಕೊಂಡಿದ್ದಾರಂತೆ, ಅಪ್ಪ ಕ್ಯಾಮೆರಾ ಬಿಟ್ಟು ಏಳಬಾರದಂತೆ. ಆಗಲೇ 40 ನಿಮಿಷ ಆಗಿತ್ತು. ಪಕ್ಕದಲ್ಲಿ ಪಾಸ್‌ಬುಕ್ಕು. ನಾನು ಕಟ್ ಮಾಡಿದೆ. ದೇವರ ದಯೆ, ಹಣ ಹೋಗಿರಲಿಲ್ಲ.

2024ರ ಅಕ್ಟೋಬರಿನಲ್ಲಿ ಪ್ರಧಾನಿ ‘ಮನ್ ಕಿ ಬಾತ್’ನಲ್ಲಿ ಡಿಜಿಟಲ್ ಅರೆಸ್ಟ್ ಬಗ್ಗೆ, ಅಂದರೆ ಪೊಲೀಸರ ವೇಷ ಹಾಕಿ ವಿಡಿಯೋ ಕಾಲಿನಲ್ಲೇ ‘ಬಂಧಿಸಿ’ ಹಣ ಕೀಳುವ ಮೋಸದ ಬಗ್ಗೆ ಎಚ್ಚರಿಸಿ, ನಮ್ಮ ವಿಜಯಪುರದವರೊಬ್ಬರಿಗೆ ಬಂದ ಇಂಥದೇ ಕರೆಯನ್ನು ಕೇಳಿಸಿದ್ದರಲ್ಲ, ಅದನ್ನು ಅಪ್ಪನೂ ಕೇಳಿದ್ದರು. ಕಾನೂನಿನಲ್ಲಿ ಹಾಗೊಂದು ಅರೆಸ್ಟೇ ಇಲ್ಲ ಅಂತ ಬೀದಿಗೆಲ್ಲ ಪಾಠ ಹೇಳಿದ್ದರು. ಅಂಥವರು ಯಾಕೆ ಕೂತರು? ನೀರು ಕುಡಿದು ಅವರು ಕೇಳಿದ ಮೊದಲ ಮಾತು, “ಸ್ಪ್ಯಾಮ್ ಅಂತ ಬರಲೇ ಇಲ್ಲವಲ್ಲೇ?”

ನೋಡಿ, ಅಲ್ಲಿದೆ ಎಡವಟ್ಟು. ವಾಟ್ಸಾಪ್ ಕರೆ ಬರುವುದು ಇಂಟರ್ನೆಟ್ಟಿನಲ್ಲಿ. ಸಿಮ್ ಕಂಪನಿಯ ಈ ಲೇಬಲ್ ಅದಕ್ಕೆ ಅಂಟುವುದೇ ಇಲ್ಲ. ಒಂದು ವರ್ಷ ಕಡ್ಡಿ ಎಳೆದೂ ಎಳೆದೂ ಅಪ್ಪನಿಗೆ ಲೇಬಲ್ ಇಲ್ಲದವರೆಲ್ಲ ಸಾಚಾ ಆಗಿಬಿಟ್ಟಿದ್ದರು. ಜಾಹೀರಾತಿನಲ್ಲಿ ಇದನ್ನು ಯಾರೂ ಹೇಳುವುದಿಲ್ಲ. ನಾನೂ ಹೇಳಿರಲಿಲ್ಲ ಬಿಡಿ.

ಹಣ ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕಿತ್ತು. ಹೋಗಿರಲಿಲ್ಲವಾದ್ದರಿಂದ ಕೇಂದ್ರ ಟೆಲಿಕಾಂ ಇಲಾಖೆಯ ಜಾಲತಾಣ ಸಂಚಾರ್ ಸಾಥಿಯಲ್ಲಿರುವ, ಮೋಸದ ಕರೆಗಳ ದೂರಿನ ವಿಭಾಗ ‘ಚಕ್ಷು’ವಿನಲ್ಲಿ ಆ ನಂಬರಿನ ಮೇಲೆ ದೂರು ಹಾಕಿದೆ. ವಾಟ್ಸಾಪಿನ ಪ್ರೈವೆಸಿ ಸೆಟ್ಟಿಂಗಿಗೆ ಹೋಗಿ, ಗುರುತಿಲ್ಲದವರ ಕರೆ ಸದ್ದು ಮಾಡದಂತೆ ಇಟ್ಟೆ. ಎರಡು ನಿಮಿಷದ ಕೆಲಸ. ಮೊದಲ ದಿನವೇ ಮಾಡಬಹುದಿತ್ತು.

ಸೇವೆಯನ್ನು ತೆಗೆಸಿಲ್ಲ. ಸಾಲದವರು, ಸೈಟಿನವರು ನಿಜಕ್ಕೂ ಕಮ್ಮಿಯಾಗಿದ್ದಾರೆ. ಮೂರು ಸ್ಟಾರ್.

ಅಪ್ಪ ಡೈರಿಯಲ್ಲಿ ಈಗ ಇನ್ನೊಂದು ಗೆರೆ ಎಳೆದಿದ್ದಾರೆ, ‘ವಿಚಾರಣೆ’ ಅಂತ. ನಿನ್ನೆ ಹೊಸ ಗ್ಯಾಸ್ ಹುಡುಗ ಫೋನ್ ಮಾಡಿದ್ದ. ಯಾವ ಏಜೆನ್ಸಿ, ಓನರ್ ಹೆಸರೇನು, ನಮ್ಮ ಗೇಟಿನ ಬಣ್ಣ ಯಾವುದು ಅಂತ ಅಪ್ಪ ಕೇಳುತ್ತಲೇ ಇದ್ದರು. ಹುಡುಗ ಸಿಲಿಂಡರ್ ಹೆಗಲ ಮೇಲಿಟ್ಟುಕೊಂಡು ಅದೇ ಗೇಟಿನ ಮುಂದೆ ನಿಂತಿದ್ದ.