ಹೊಸ ಮೂಗುಬೊಟ್ಟಿಗೆ ಅರಿಶಿನ ಎಣ್ಣೆಯೋ, ಸಲೈನೋ?

ಮೂಗು ಚುಚ್ಚಿಸಿದ ದಿನವೇ ಅಜ್ಜಿ ಕೊಬ್ಬರಿ ಎಣ್ಣೆಗೆ ಅರಿಶಿನ ಕಲಸಿ ಹಚ್ಚು ಅನ್ನುತ್ತಾರೆ. ಚುಚ್ಚಿದವರು ಸಲೈನ್, ಅಂದರೆ ಶುದ್ಧ ಉಪ್ಪುನೀರು, ಸಾಕು ಅನ್ನುತ್ತಾರೆ. ಯಾರ ಮಾತು ಕೇಳುವುದು?

ಅರಿಶಿನಕ್ಕೆ ಕೀಟಾಣು ತಡೆಯುವ ಗುಣ ಇದೆ, ಸುಳ್ಳಲ್ಲ. ತೊಂದರೆ ಇರುವುದು ಹಚ್ಚುವ ರೀತಿಯಲ್ಲಿ. ಒಗ್ಗರಣೆಗೆ ಬಳಸುವ ಡಬ್ಬಿಯ ಪುಡಿ ಹಸಿ ಗಾಯಕ್ಕೆ ಹಾಕುವಷ್ಟು ಶುದ್ಧವಲ್ಲ. ಎಣ್ಣೆಯ ಜೊತೆ ಅದು ಬೊಟ್ಟಿನ ಬುಡದಲ್ಲಿ ಹಳದಿ ಪದರವಾಗಿ ಕೂರುತ್ತದೆ, ಧೂಳು ಅಂಟುತ್ತದೆ. ಒಳಗಿನ ನೀರು ಹೊರಬರಲು ದಾರಿ ಇರುವುದಿಲ್ಲ. ಆಮೇಲೆ ಅದನ್ನು ಉಗುರಿನಿಂದ ಕೆರೆಯುತ್ತೇವೆ, ಅಲ್ವಾ? ಗಾಯ ಮತ್ತೆ ಬಿರಿಯುತ್ತದೆ.

ಹಾಗಾಗಿ ನನ್ನ ಓಟು ಸಲೈನ್‌ಗೇ. ಮೆಡಿಕಲ್ ಶಾಪಿನಲ್ಲಿ ಸಿಗುವ 0.9% ಸಲೈನ್ ತಂದು, ಕೈ ತೊಳೆದು, ಗಾಯಕ್ಕೆ ಕಟ್ಟುವ ಶುದ್ಧ ಗಾಜ್ ಬಟ್ಟೆಯಲ್ಲಿ ದಿನಕ್ಕೆ ಎರಡು ಸಲ ಒರೆಸಿ. ಒಣಗಿದ ಹಕ್ಕಳೆ ನೆನೆದು ತಾನೇ ಬಿಡುತ್ತದೆ. ಬೊಟ್ಟು ಸುಮ್ನೆ ತಿರುಗಿಸಬೇಡಿ. ಡೆಟಾಲ್, ಸ್ಪಿರಿಟ್ ಎರಡೂ ಬೇಡ, ಉರಿ ಜಾಸ್ತಿ.

ಮೂಗು ಪೂರ್ತಿ ಮಾಯಲು ತಿಂಗಳುಗಳೇ ಬೇಕು. ಕೀವು, ಜ್ವರ, ಹರಡುವ ಕೆಂಪು ಕಂಡರೆ ಬೊಟ್ಟು ನೀವೇ ತೆಗೆಯದೆ ಡಾಕ್ಟರಿಗೆ ತೋರಿಸಿ.