ಪದಬಂಧ ಅರ್ಧಕ್ಕೆ ನಿಂತಾಗ ಯಾರನ್ನು ಕೇಳಬೇಕು?

ಅರ್ಧ ತುಂಬಿ ಪೆನ್ಸಿಲ್ ನಿಂತಾಗ ವಿಜಯಪುರದ ನಮ್ಮ ಮನೆಯಲ್ಲಿ ನನಗೆ ಮೂರು ದಾರಿ: ಮೊಬೈಲ್, ನಿಘಂಟು, ಪಕ್ಕದಲ್ಲೇ ಕೂತ ಕಾಕಾ. ಮೂರನ್ನೂ ಸಾಕಷ್ಟು ನೋಡಿದ್ದೇನೆ. ಆದರೆ ಇವೆಲ್ಲಕ್ಕಿಂತ ಮೊದಲು ನಂಬಬೇಕಾದ್ದು ಅಡ್ಡ ಬರುವ ಅಕ್ಷರವನ್ನೇ.

‘ಕಮಲ (3)’ ಅಂತ ಸುಳಿವಿದೆ ಅನ್ನಿ. ತಾವರೆ, ನಳಿನ, ಪಂಕಜ, ನೀರಜ, ವಾರಿಜ, ಸರೋಜ, ಅಂಬುಜ. ಎಲ್ಲವೂ ಮೂರೇ ಅಕ್ಷರ! ಮೊಬೈಲ್ ಇಷ್ಟನ್ನೂ ಒಮ್ಮೆಗೇ ಸುರಿಯುತ್ತದೆ, ಯಾವುದು ಅಂತ ಹೇಳುವುದಿಲ್ಲ. ನಾನು ಕೊನೆಯ ಮನೆಯಲ್ಲಿ ‘ಜ’ ತೆಳ್ಳಗೆ ಬರೆದು ಮುಂದೆ ಹೋಗುತ್ತೇನೆ. ಮೇಲಿನಿಂದ ಇಳಿಯುವ ಪದ ಮೊದಲ ಮನೆಗೆ ‘ವಾ’ ಕೊಟ್ಟರೆ ಮುಗಿಯಿತು, ವಾರಿಜ. 1913ರಲ್ಲಿ ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯಲ್ಲಿ ಆರ್ಥರ್ ವಿನ್ ಶುರು ಮಾಡಿದ ಪದಬಂಧದಲ್ಲಿ ಮನೆಗೊಂದು ಬಿಡಿ ಇಂಗ್ಲಿಷ್ ಅಕ್ಷರ. ನಮ್ಮಲ್ಲಿ ‘ಸ್ತ್ರೀ’ ಪೂರ್ತಿ ಒಂದೇ ಮನೆಯಲ್ಲಿ ಕೂರುತ್ತದೆ. ಹಾಗಾಗಿ ಒಂದು ಮನೆ ಸಿಕ್ಕರೂ ಬಹಳ ಸಿಕ್ಕ ಹಾಗೆ. ನಮ್ಮೂರಿನ ಸ್ಮಾರಕವೇ ಸುಳಿವಾಗಿ ಬಂದಾಗಲೂ ಅದು ಗೋಲಗುಮ್ಮಟವೋ ಗೋಳಗುಮ್ಮಟವೋ ಅಂತ ಅಡ್ಡಪದವೇ ತೀರ್ಮಾನ ಮಾಡಬೇಕು, ಅಲ್ವಾ?

ನಿಘಂಟು ಪದದಿಂದ ಅರ್ಥಕ್ಕೆ ಹೋಗುತ್ತದೆ, ನಮಗೆ ಬೇಕಿರುವುದು ಉಲ್ಟಾ. ಮೊದಲ ಅಕ್ಷರ ಸಿಗದೆ ಅದನ್ನು ತೆರೆದರೆ ಸುಮ್ನೆ ಹೊತ್ತು ಹೋಗುತ್ತದೆ. ಅಕ್ಷರ ಸಿಕ್ಕ ಮೇಲೆ, ಅದರಲ್ಲೂ ಹಳೆಯ ಪದಗಳಿಗೆ, 1894ರ ಕಿಟೆಲ್ ನಿಘಂಟು ಈಗಲೂ ಗಟ್ಟಿ ಆಸರೆ.

ಪುರಾಣ ಮತ್ತು ಒಕ್ಕಲುತನದ ಸುಳಿವಿಗೆ ಮಾತ್ರ ಕಾಕಾರ ಮುಂದೆ ಯಾವುದೂ ನಿಲ್ಲುವುದಿಲ್ಲ. ‘ಅಶ್ವತ್ಥಾಮನ ತಾಯಿ (2)’ ಅಂದರೆ ತಲೆ ಎತ್ತದೇ ‘ಕೃಪಿ’ ಅನ್ನುತ್ತಾರೆ. ‘ಬೀಜ ಬಿತ್ತುವ ಸಾಧನ (3)’ ಅಂದಾಗ, ‘ಕೂರಿಗಿ ಅಲ್ಲೇನೋ ತಮ್ಮಾ! ಎಷ್ಟ್ ಸಲ ಅದರ ಹಿಂದ ಅಡ್ಡಾಡಿಲ್ಲ ನೀನು’ ಅಂದರು. ಕೊನೆಯ ಮನೆಯಲ್ಲಿ ಆಗಲೇ ‘ಗೆ’ ಕೂತಿತ್ತು. ಕೂರಿಗೆ ಅಂತ ತುಂಬಿದೆ. ನಮ್ಮ ಕಡೆಯ ಹಿರಿಯರನ್ನು ಕೇಳುವಾಗ ಪದದ ಕೊನೆ ಮಾತ್ರ ಪತ್ರಿಕೆಯ ರೂಪಕ್ಕೆ ಹೊಂದಿಸಿಕೊಳ್ಳಿ.

ಮೊಬೈಲ್ ಸಿನಿಮಾ, ಕ್ರಿಕೆಟ್ ಸುಳಿವಿಗೆ ಸರಿ. ಉಳಿದದ್ದಕ್ಕೆ ನಾನು ಮುಟ್ಟುವುದಿಲ್ಲ. ಪದಬಂಧ ಹೆಣೆಯುವವರಿಗೆ ಚಿಕ್ಕ ಪದ ಜಾಸ್ತಿ ಬೇಕಾಗುತ್ತದೆ, ಹೀಗಾಗಿ ಇಳೆ, ಧರೆ, ಬುವಿ ಮತ್ತೆ ಮತ್ತೆ ಬರುತ್ತವೆ. ಮೊಬೈಲ್ ನೋಡಿ ತುಂಬಿದ ಪದ ಮುಂದಿನ ವಾರಕ್ಕೆ ನನಗೆ ನೆನಪಿರುವುದಿಲ್ಲ. ಒದ್ದಾಡಿ ಹಿಡಿದದ್ದು ಇರುತ್ತದೆ. ಕಾಕಾ ಹೇಳಿದ ಕೃಪಿಯಂತೂ ಸಂಬಂಧಗಳ ಸಮೇತ ತಲೆಯಲ್ಲಿ ಉಳಿದಿದ್ದಾಳೆ: ಕೃಪಾಚಾರ್ಯರ ಒಡಹುಟ್ಟು, ದ್ರೋಣರ ಹೆಂಡತಿ. ಹೀಗಾಗಿ ‘ದ್ರೋಣನ ಮಡದಿ (2)’ ಅಂತ ಬಂದರೂ ಯಾರನ್ನೂ ಕೇಳಬೇಕಿಲ್ಲ.